ಬಗ್ಗಿಸಿಕೊಟ್ಟ ಬೆಳ್ಳಿ ಚಮಚ

ಬೀದಿದೀಪಗಳು ಈಗಷ್ಟೇ ಆರಿವೆ. ಮೆಟ್ಟಿಲ ಕೆಳಗಿನ ಸಣ್ಣ ಅಂಗಡಿಯ ಬಾಗಿಲು ಅರ್ಧ ಮಾತ್ರ ಎತ್ತಿದೆ. ಒಳಗೆ ಬೆಳ್ಳಕ್ಕ ಹಳೆಯ ಬೆಳ್ಳಿ ಚಮಚವೊಂದನ್ನು ಮರದ ಅಚ್ಚಿನ ಮೇಲೆ ಮಗುಚಿ ಹಾಕಿ, ಮರದ ಸುತ್ತಿಗೆಯಿಂದ ಅದರ ಬೆನ್ನು ತಟ್ಟುತ್ತಿದ್ದಾರೆ. ಮಗುವನ್ನು ಮಲಗಿಸುವವರು ತಟ್ಟುವಷ್ಟೇ ಮೆಲ್ಲಗೆ. ಆಮೇಲೆ ಚಮಚವನ್ನು ಬಾಗಿಲ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚುತ್ತಾರೆ.

“ಈ ಹೊತ್ತಲ್ಲಿ ಬೆಳಕು ಓರೆಯಾಗಿ ಬರುತ್ತೆ. ತಗ್ಗು ಎಲ್ಲಿದೆ ಅಂತ ಅದೇ ತೋರಿಸಿಕೊಡುತ್ತೆ. ಮಧ್ಯಾಹ್ನದ ಬಿಸಿಲಲ್ಲಿ ನೋಡಿದ್ರೆ ಎಲ್ಲಾ ಚಮಚಾನೂ ಚಂದಾನೇ” ಎನ್ನುತ್ತಾರೆ.

ಬೆಳ್ಳಿ ಕೆಲಸದವರಾದ್ದರಿಂದ ಬೀದಿಯವರೆಲ್ಲ ಅವರನ್ನು ಬೆಳ್ಳಕ್ಕ ಅಂತಲೇ ಕರೆಯುತ್ತಾರೆ. ಕೆಲಸ ಕಲಿತದ್ದು ಅತ್ತೆಯಿಂದ. ಮದುವೆಯಾಗಿ ಬಂದ ಹೊಸತರಲ್ಲಿ ಅಡುಗೆ ಸೀಸುತ್ತಿದ್ದರಂತೆ. “ಇವಳ ಕೈ ಒಲೆಗೆ ಆಗಲ್ಲ, ಉರಿಗೆ ಆಗುತ್ತೆ” ಎಂದು ಅತ್ತೆ ಬೆಳ್ಳಿ ಕಾಯಿಸುವ ಉರಿಯ ಮುಂದೆ ಪಕ್ಕದಲ್ಲಿ ಕೂರಿಸಿಕೊಂಡರು. ಇವತ್ತಿಗೂ ಮನೆಯಲ್ಲಿ ಅಡುಗೆ ಗಂಡನದೇ. ಅದೇ ಅಂಗಡಿಯ ಇನ್ನೊಂದು ಮೂಲೆಯಲ್ಲಿ ಕೈಗಡಿಯಾರ ರಿಪೇರಿ ಮಾಡುವ ಅವರು, ಮಾತಿಗೆ ಮಾತು ಸೇರಿಸುತ್ತಲೇ ಇರುತ್ತಾರೆ.

ಬರುವ ಕೆಲಸ ಮೊದಲಿನಷ್ಟಿಲ್ಲ. ಬರುವುದೆಲ್ಲ ಹೆಚ್ಚಾಗಿ ಅಜ್ಜಿಯರ ಪೆಟ್ಟಿಗೆಯಿಂದ ಹೊರಬಿದ್ದವು: ಡೊಂಕಾದ ಹಿಡಿ, ತಗ್ಗು ಬಿದ್ದ ಬಟ್ಟಲು, ಕಪ್ಪು ಕಟ್ಟಿದ ಹೂಬಳ್ಳಿ ಕೆತ್ತನೆ. ಉರಿಯ ಮುಂದೆ ಕೂತೂ ಕೂತೂ ಕಣ್ಣು ಉರಿಯುತ್ತದೆ, ಬೆರಳ ತುದಿ ಒರಟಾಗಿದೆ. ಕೆಲಸ ಮಾತ್ರ ಒಂದೇ, ಸೊಟ್ಟಗಿರುವುದನ್ನು ನೆಟ್ಟಗೆ ಮಾಡುವುದು. ಹಾಗಾಗಿಯೇ, ಹೋದ ಚಳಿಗಾಲದಲ್ಲಿ ಶಾಲೆಯ ಟೀಚರೊಬ್ಬರು ಬಂದು ನೆಟ್ಟಗಿರುವ ಚಮಚವನ್ನು ಬಗ್ಗಿಸಿಕೊಡಿ ಎಂದಾಗ ಗಂಡ ಹೆಂಡತಿ ಇಬ್ಬರೂ ಕೆಲಸ ನಿಲ್ಲಿಸಿದರು.

ಟೀಚರ್ ತಂದದ್ದು ತಾಮ್ರ ಸ್ವಲ್ಪ ಬೆರೆತ ಸ್ಟರ್ಲಿಂಗ್ ಬೆಳ್ಳಿಯ ಹಳೆಯ ಸೆಟ್ಟು. ಪೆಟ್ಟಿಗೆಯ ನೀಲಿ ಮಖಮಲ್ಲಿನ ತಗ್ಗುಗಳಲ್ಲಿ ಒಂದರ ಪಕ್ಕ ಒಂದು ಮಲಗಿದ ಹನ್ನೆರಡು ಚಮಚ, ಬೆನ್ನಿಗೆ ಸಣ್ಣ ಸಣ್ಣ ಮುದ್ರೆ. ಅವರ ತಾಯಿಗೆ ಪಾರ್ಶ್ವವಾಯು ಹೊಡೆದಿತ್ತು. ಮಣಿಕಟ್ಟು ತಿರುಗುತ್ತಿರಲಿಲ್ಲ, ಚಮಚದಲ್ಲಿದ್ದದ್ದು ಬಾಯಿಗೆ ಬರುವ ಮೊದಲೇ ಮಡಿಲಿಗೆ. ಮಗಳು ತಿನ್ನಿಸಹೋದರೆ ತುಟಿ ಬಿಗಿ.

“ಆಸ್ಪತ್ರೆಯವರು ಬಗ್ಗಿದ ಚಮಚ ಕೊಟ್ರು ಬೆಳ್ಳಕ್ಕ. ಅಮ್ಮ ಎಸೆದುಬಿಟ್ಟಳು. ಇದನ್ನ ಮಾತ್ರ ಬಿಡಲ್ಲ” ಎಂದು ಟೀಚರ್ ಒಂದು ಚಮಚ ತೆಗೆದಿಟ್ಟರು. ಅದರ ತುದಿ ಒಂದು ಪಕ್ಕಕ್ಕೆ ಸವೆದಿತ್ತು. “ನಮಗೆಲ್ಲ ತಿನ್ನಿಸಿದ್ದು ಇದರಲ್ಲೇ.”

“ಬಗ್ಗಿಸಿದ್ರೆ ಸೆಟ್ಟು ಕೆಟ್ಟ ಹಾಗೇ ಟೀಚರೇ. ಹಳೇ ಸಾಮಾನಿನೋರು ಆಮೇಲೆ ಮೂಸಿಯೂ ನೋಡಲ್ಲ” ಎಂದರು ಬೆಳ್ಳಕ್ಕ.

“ಅಮ್ಮ ಊಟ ಬಿಟ್ಟು ಒಣಗ್ತಿದಾಳೆ. ಸೆಟ್ಟು ಕಟ್ಟಿಕೊಂಡು ನಾನೇನು ಮಾಡಲಿ?”

ಗಡಿಯಾರದವರು ಭೂತಗನ್ನಡಿ ಮೇಲಕ್ಕೆ ಸರಿಸಿದರು. “ಜೀವಮಾನವೆಲ್ಲ ನೆಟ್ಟಗೆ ಮಾಡಿದ್ದಾಯ್ತು. ಇನ್ನು ಸೊಟ್ಟ ಮಾಡೋದು ಕಲಿ. ನನ್ನ ಹತ್ರ ಮಾತಾಡೋವಾಗ ಬರುತ್ತಲ್ಲ, ಹಾಗೇನೇ!”

ಬೆಳ್ಳಕ್ಕ ಚಮಚದ ಕತ್ತನ್ನು ಕಾಯಿಸಿ, ನೀರಲ್ಲಿ ಅದ್ದಿ, ಬೆಳ್ಳಿ ಮೆತ್ತಗಾದ ಮೇಲೆ ಅದರ ಬಟ್ಟಲು ಬಾಯಿಯ ಕಡೆ ತಿರುಗುವಂತೆ ಬಗ್ಗಿಸಿದರು. ತಾವೇ ಹಿಡಿದು ನೋಡಿದರು, ಸರಿಯಾಗಿತ್ತು. ಮಾರನೇ ದಿನ ಟೀಚರ್ ಕಣ್ಣು ಕೆಂಪು ಮಾಡಿಕೊಂಡು ವಾಪಸ್ ಬಂದರು. ಅಮ್ಮನಿಗೆ ಪೂರ್ತಿ ಬಿದ್ದದ್ದು ಬಲಗೈ. ಊಟಕ್ಕೆ ಉಳಿದದ್ದು ಅರೆಬರೆ ಆಡುವ ಎಡಗೈ. ಆ ಕೈಯಲ್ಲಿ ಹಿಡಿದರೆ ಚಮಚ ಗೋಡೆಯ ಕಡೆ ಮುಖ ಮಾಡುತ್ತಿತ್ತು. ಯಾವ ಕೈ ಎಂದು ಹೇಳುವುದು ಟೀಚರಿಗೆ ಹೊಳೆದಿರಲಿಲ್ಲ, ಕೇಳುವುದು ಬೆಳ್ಳಕ್ಕನಿಗೂ.

“ನನ್ನ ಕೈಗೆ ಅಳತೆ ತಗೊಂಡು ಅವರಿಗೆ ಅಂಗಿ ಹೊಲಿದ ಹಾಗಾಯ್ತು” ಎಂದು ಬೆಳ್ಳಕ್ಕ ಈಗಲೂ ತಲೆ ಚಚ್ಚಿಕೊಳ್ಳುತ್ತಾರೆ.

ಸವೆದು ತೆಳ್ಳಗಾದ ಬೆಳ್ಳಿ, ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಬಗ್ಗಿಸಿದರೆ ಬಿರಿಯುತ್ತದೆ. ಮುರಿದರೆ ಆ ತಾಯಿ ಕೈಗೆತ್ತಿಕೊಳ್ಳುವ ಚಮಚ ಇನ್ನೊಂದಿಲ್ಲ. ಈ ಸಲ ಬೆಳ್ಳಕ್ಕ ಮೊದಲು ಆ ಮನೆಗೆ ಹೋದರು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತ ತಾಯಿಯ ಎಡಗೈಯನ್ನು ತಮ್ಮ ಕೈಯಲ್ಲಿಟ್ಟುಕೊಂಡು, ಬೆರಳು ಎಷ್ಟು ಮಡಚುತ್ತದೆ, ಮೊಣಕೈ ಎಲ್ಲಿಯವರೆಗೆ ಏಳುತ್ತದೆ ಎಂದು ನೋಡಿದರು. ಅಳತೆಗೆಂದು ಒಂದು ದಪ್ಪ ತಂತಿಯನ್ನು ಆ ಕೈಗೆ ತಕ್ಕಂತೆ ಬಗ್ಗಿಸಿಕೊಂಡು ಬಂದರು.

ಅಂಗಡಿಯಲ್ಲಿ ಚಮಚ ಮತ್ತೆ ಉರಿಗೆ ಹೋಯಿತು. ಕತ್ತಿನ ಒಳಮಗ್ಗುಲಲ್ಲಿ ಕೂದಲೆಳೆಯಷ್ಟು ಗೆರೆ ಬಿಟ್ಟಿತು. ಬೆಳ್ಳಕ್ಕ ಕೈ ನಿಲ್ಲಿಸಿ, ಗೆರೆಗೆ ಬೆಳ್ಳಿಯ ಬೆಸುಗೆ ಹರಿಸಿ, ತಣಿಸಿ, ಉಳಿದ ತಿರುವನ್ನು ಬೆರಳಲ್ಲೇ ಸ್ವಲ್ಪ ಸ್ವಲ್ಪವಾಗಿ ತಂದರು. ಬೆಸುಗೆ ನಿಂತಿತು.

ಕೊಡಲು ಅವರೇ ಹೋದರು. ತಾಯಿ ಚಮಚ ಹಿಡಿದು ಸೂಪಿನ ಬಟ್ಟಲಲ್ಲಿ ಆಡಿಸಿ, ಮೇಲೆತ್ತಿದರು. ಸೂಪು ತುಳುಕಿತು. ಟೀಚರ್ ತಡೆಯಲಾರದೆ ಕೆಳಗಿನಿಂದ ಕೈ ಕೊಟ್ಟರು. ತಾಯಿ ತೊದಲುತ್ತಲೇ ಗದರಿದರು: “ಕೈ ತೆಗಿಯೇ!” ಆಮೇಲೆ ತಾವೇ ಉಂಡರು.

“ಎಷ್ಟೋ ದಿನದ ಮೇಲೆ ಬೈಸಿಕೊಂಡೆ” ಎಂದು ಟೀಚರ್ ಅಡುಗೆಮನೆಗೆ ಹೋಗಿ ಅತ್ತರು. ಬೆಳ್ಳಕ್ಕನ ಎರಡೂ ಕೈ ಹಿಡಿದುಕೊಂಡು ಸೂಪು ಕುಡಿದೇ ಹೋಗಬೇಕು ಎಂದರು.

ಈಗ ತಾಯಿಯ ಮೈ ಸ್ವಲ್ಪ ತುಂಬಿದೆಯಂತೆ. ಆಸ್ಪತ್ರೆಯಿಂದ ಇನ್ನೂ ಕೆಲವರು ಅಂಗಡಿ ಹುಡುಕಿಕೊಂಡು ಬಂದಿದ್ದಾರೆ, ಮನೆಯಲ್ಲಿರುವ ಚಮಚ ಹಿಡಿದುಕೊಂಡು. ಅಂಥವರಿಗೆ ಬೆಳ್ಳಕ್ಕ ಅಂಗಡಿಯಲ್ಲೇ ಅಳತೆ ತೆಗೆದುಕೊಳ್ಳುವುದಿಲ್ಲ, ಮೊದಲು ಅವರ ಮನೆಗೇ ಹೋಗುತ್ತಾರೆ. ಏನಾದರೂ ಆಸೆಯಿದೆಯೇ ಎಂದು ಕೇಳಿದರೆ ಸುತ್ತಿಗೆ ಕೆಳಗಿಟ್ಟು, ಬೆರಳುಗಳನ್ನು ಬಿಚ್ಚಿ ಮಡಚಿ ನೋಡಿಕೊಳ್ಳುತ್ತಾರೆ.

“ಈ ಕೈಗೂ ಒಂದಿನ ಹಾಗಾದ್ರೆ, ಯಾವ ಕೈ ಅಂತ ಮೊದಲೇ ಕೇಳೋರು ಒಬ್ಬರು ಸಿಗಲಿ. ಚಮಚ ಸ್ಟೀಲಿಂದಾದ್ರೂ ನಡೆಯುತ್ತೆ.”