ನೆಲುವಿನ ಪಾಲಿನ ಕುಣಿತ

ದೋರು ಹಗಲು ವೈರು ಕಾರ್ಖಾನೆಯ ನೌಕರ, ಸಂಜೆ ಪಟ್ಟಣದ ಸಂಸ್ಕೃತಿ ಭವನದ ಜಾನಪದ ತಂಡದಲ್ಲಿ ಮುಂದಾಳು ಕುಣಿತಗಾರ. ಹಿಂದೆ, ಕಮ್ಯುನಿಸ್ಟರ ಕಾಲದಲ್ಲಿ, ಆ ತಂಡ ಪಕ್ಷದ ಮುಖಂಡರ ಮುಂದೆ ಕುಣಿಯುತ್ತಿತ್ತು; ಈಗ ಹೊಸ ಮಳಿಗೆಗಳ ಉದ್ಘಾಟನೆಯಲ್ಲಿ, ಫ್ರಿಜ್ಜುಗಳ ನಡುವೆ. ಬೂಟೂ ಅದೇ, ಹಲ್ಲು ಕಿರಿಯುವುದೂ ಅದೇ ಎಂದು ದೋರು ತನ್ನನ್ನೇ ಗೇಲಿ ಮಾಡಿಕೊಳ್ಳುತ್ತಿದ್ದ. ಒಳಗೊಳಗೆ ಮಾತ್ರ, ತನ್ನಷ್ಟು ಎತ್ತರ ಹಾರುವವನು ಈ ಸೀಮೆಯಲ್ಲೇ ಇಲ್ಲವೆಂಬ ಹಮ್ಮು.

ಈಸ್ಟರಿನ ಮರುದಿನ, ಮದುವೆಯಾಗಬೇಕೆಂದಿದ್ದ ಸಾಂದಾಳ ಮನೆಯವರಿಗೆ ಮುಖ ತೋರಿಸಲು ಡ್ಯಾನ್ಯೂಬ್ ದಂಡೆಯ ಅವಳ ಹಳ್ಳಿಗೆ ಹೋದ. ಎಲ್ಲರೂ ಊರ ಬಯಲಿನಲ್ಲಿದ್ದರು. ಅಕಾರ್ಡಿಯನ್ನಿನ ರಾಗ ಕಿವಿಗೆ ಬಿದ್ದದ್ದೇ ತಡ, ದೋರುವಿನ ಕಾಲು ನಿಲ್ಲಲಿಲ್ಲ. ಅದು ಅವನ ತಂಡದ ಹೆಸರಾಂತ ‘ಹುಡುಗರ ಕುಣಿತ’ದ ರಾಗ. ಇವರು ಅದನ್ನು ನಿದ್ದೆಗಣ್ಣಿನಲ್ಲಿ ಎಳೆಯುತ್ತಿದ್ದಾರೆ, ಹೇಗೆಂದು ತೋರಿಸೋಣ ಎಂದುಕೊಂಡು ಕುಣಿಯುವವರ ಸಾಲಿನ ತಲೆಗೇ ನುಗ್ಗಿ, ಮುಂದಿದ್ದ ಹೆಂಗಸಿನ ಕೈ ಹಿಡಿದು, ಸಿಳ್ಳೆ ಹಾಕಿ ಹಾರಿದ.

ಯಾರೂ ಜೊತೆಗೆ ಹಾರಲಿಲ್ಲ. ಎಲ್ಲರ ಬೆರಳುಗಳ ನಡುವೆ ಮೇಣದ ಬತ್ತಿ ಉರಿಯುತ್ತಿದ್ದದ್ದು ಆಗ ಕಣ್ಣಿಗೆ ಬಿತ್ತು. ಅವನು ಹಿಡಿದ ಕೈಯಲ್ಲಿದ್ದದ್ದು ಆರಿಹೋಗಿತ್ತು.

“ಟೀವಿಯವ್ರು ಬಂದವ್ರೇನೋ ನೋಡ್ರಪ್ಪಾ,” ಎಂದ ಅಕಾರ್ಡಿಯನ್ನಿನವನು.

ಸಾಂದಾ ಅವನ ಮುಖ ನೋಡದೆ ಪಿಸುಗುಟ್ಟಿದಳು. ಆ ಹೆಂಗಸು ಅವಳ ಸೋದರತ್ತೆ ಲಿಯಾನಾ. ಮಗ ನೆಲು ಹೋದ ವರ್ಷ ಸ್ಪೇನಿನಲ್ಲಿ ಕಟ್ಟಡದ ಮೇಲಿಂದ ಬಿದ್ದು ಸತ್ತಿದ್ದ. ಅವನ ಆತ್ಮಕ್ಕೆಂದು ಇಂದು ಒಂದು ಕುಣಿತ ದಾನ ಕೊಡುತ್ತಿದ್ದಾಳೆ. ಈ ಊರಲ್ಲಿ ಸಾಲಿನ ತಲೆಯ ಜಾಗ ಸತ್ತವನಿಗೆ ಮೀಸಲು; ಅಲ್ಲಿ ಯಾರು ನಿಂತರೆ ಕುಣಿತ ಅವರಿಗೇ ಸೇರುತ್ತದೆ. ಪಕ್ಷದ ಆ ಕಾಲದಲ್ಲಿ ಸಂಸ್ಕೃತಿ ಭವನದವರು ಇಲ್ಲಿಂದ ರಾಗ ಒಯ್ದಾಗ ಬತ್ತಿಯನ್ನೂ ಸತ್ತವರನ್ನೂ ಇಲ್ಲೇ ಬಿಟ್ಟು ಹೋಗಿದ್ದರು.

“ಈ ಕುಣಿತ ನಿನ್ ಲೆಕ್ಕಕ್ಕೇ ಹೋಯ್ತಲ್ಲೋ ಮಗಾ,” ಎಂದಳು ಲಿಯಾನಾ. “ಬದುಕಿರುವಾಗ್ಲೇ ನಿನ್ ತಿಥಿ ಆಯ್ತು. ನನ್ ಮಗ ಅಲ್ಲಿ ಕಾಯ್ತಾ ಕೂತವ್ನೆ.”

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ದೋರುವಿಗೆ. ಮತ್ತೆ ನುಡಿಸಲಿ, ತಾನು ಈಗಲೇ ಊರು ಬಿಡುತ್ತೇನೆಂದು ತೊದಲಿದ.

“ನೀನು ಹೋದ್ರೆ ವಾಪಸ್ ಕೊಡೋರ್ಯಾರು? ಇಸ್ಕೊಂಡೋನೇ ಕೊಡ್ಬೇಕು. ಸಾಲಿನ ಬಾಲಕ್ಕೆ ನಿಂತ್ಕೊ. ಹಾರ್ಬೇಡ, ನಡಿ, ಸಾಕು.”

ಯಾರೋ ಕೈಗೆ ಬತ್ತಿ ತುರುಕಿದರು. ರಾಗ ಮತ್ತೆ ಮೊದಲಿನಿಂದ ಶುರುವಾಯಿತು. ಮುಂದೆ ಲಿಯಾನಾ ತನ್ನ ಪಕ್ಕದ ಖಾಲಿ ಜಾಗಕ್ಕೆ ಕೈ ಚಾಚಿಕೊಂಡೇ ನಡೆದಳು. ಹಿಂದೆ ದೋರುವಿನ ಕಾಲು ಪ್ರತಿ ತಿರುವಿನಲ್ಲೂ ಮೇಲೇಳಲು ಹವಣಿಸಿ, ಪಕ್ಕದ ಮುದುಕಿಯ ಪಾದ ತುಳಿಯಿತು. ಸಾಂದಾ ತಿರುಗಿ ನೋಡಲಿಲ್ಲ.

ರಾಗ ನಿಂತ ಮೇಲೆ ಒಬ್ಬೊಬ್ಬರೂ ತಮ್ಮ ಕುಣಿತ ‘ನೆಲುವಿಗೆ’ ಎಂದು ಲಿಯಾನಾಳಿಗೆ ಹೇಳುತ್ತಾ ಬಂದರು. ದೋರುವಿನ ಸರದಿ ಬಂತು. ಲಿಯಾನಾ ಕಾದಳು. ಅವನು ಹೇಳಿದ್ದು ಯಾರಿಗೂ ಕೇಳಿಸಲಿಲ್ಲ. ಇಡೀ ಊರಿನೆದುರು ಮತ್ತೊಮ್ಮೆ, ಗಟ್ಟಿಯಾಗಿ ಹೇಳಬೇಕಾಯಿತು.