ಕರಿಹಲಗೆಯ ಮೇಲಿನ ಲಡಾಯಿ

ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ನಮ್ಮ ಔರಾದದ ಸಾಲಿಗೆ ಮೈಸೂರ ಕಡೆಯ ಹೆಡ್‌ಮಾಸ್ತರು ಬಂದರು. ಒಳ್ಳೆಯವರು, ಆದರೆ ಹಟಮಾರಿ. ಅಲ್ಲೇ ಮಾಸ್ತರನಾಗಿದ್ದ ನಾನೂ ಏನು ಕಡಿಮೆಯಿರಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಕರಿಹಲಗೆಯ ಮೇಲೆ ಲಡಾಯಿ ಹೂಡುತ್ತಿದ್ದೆವು. ಬಹಮನಿಯರ ಸೇನಾಪತಿಗೂ ಅವನಿಗಿಂತ ಮುನ್ನೂರು ವರ್ಷ ಈಚಿನ ಮೈಸೂರಿನ ದಳವಾಯಿಗೂ ಯುದ್ಧವಾದರೆ ಗೆಲ್ಲುವವರು ಯಾರು? ನಾನು ಬೀದರ ಕೋಟೆಯ ಮೂರು ಸುತ್ತಿನ ಕಂದಕ ಬರೆದರೆ, ಅವರು ಅದರೆದುರು ಸಾಲಾಗಿ ತೋಪು ನಿಲ್ಲಿಸುತ್ತಿದ್ದರು.

ಒಂದು ದಿನ ನನ್ನ ಕೋಟೆ ಬೀಳುವ ಹಾಗಾಯಿತು. ಸಿಟ್ಟು ನೆತ್ತಿಗೇರಿತು.

"ನಮ್ಮವ ಸತ್ತರೂ ಶರಣಾಗೂದಿಲ್ರಿ! ಹತಾರ ಕೆಳಗಿಟ್ಟವ ಸೇನಾಪತಿನೇ ಅಲ್ಲ" ಎಂದು ಸೀಮೆಸುಣ್ಣ ಎಸೆದೆ.

ಚಹಾ ತಂದಿದ್ದ ನಮ್ಮ ಸಾಲಿಯ ಜವಾನ ಹಿಂದೆ ನಿಜಾಮರ ಫೌಜಿನಲ್ಲಿದ್ದವನು. ಕಪ್ಪು ನನ್ನ ಮುಂದಿಟ್ಟು ಮೆಲ್ಲಗೆ ಹೇಳಿದ:

"ಭಾರತದ ಫೌಜು ಬಂದಾಗ ನಮ್ಮ ಸಾಹೇಬರು ಒಂದು ಗುಂಡೂ ಹಾರಿಸಗೊಡಲಿಲ್ರಿ. ಬಂದೂಕ ಇಟ್ಟು ಮನಿಗೆ ಹೋಗ್ರಿ ಅಂದ್ರು. ಬೀದರಿಂದ ಇಲ್ಲೀ ತನಕ ನಾಚಿಕಿಂದ ಅಳ್ಕೋತ ನಡಕೊಂಡು ಬಂದೆನ್ರಿ. ಮನ್ಯಾಗ ಹೆಂಡತಿ ಬಸರಿದ್ದಳು. ಆ ಕೂಸಿಗೇ ಈಗ ನೀವು ಮಗ್ಗಿ ಕಲಿಸ್ಲಿಕತ್ತೀರಿ."