ಗಿಂಡಿ ದೀಪ

ನಮ್ಮ ಪಿಕಪ್ ಗಾಡಿಯ ಸ್ಟೀರಿಂಗ್ ಹಿಂದೆ ಒಂದು ಹಳದಿ ದೀಪ ಇದೆ. ಎಂಜಿನ್ನಿಗೆ ಏನಾದರೂ ಆದರೆ ಹತ್ತುತ್ತದೆ. ಅದರಲ್ಲಿರುವುದು ಎಂಜಿನ್ನಿನ ಚಿತ್ರವಂತೆ. ಬಿಡಿಸಿದವನು ಎಂಜಿನ್ ನೋಡಿ ಬಿಡಿಸಿದನೋ, ಯಾರೋ ಹೇಳಿದ್ದು ಕೇಳಿ ಬಿಡಿಸಿದನೋ, ದೇವರೇ ಬಲ್ಲ. ನನ್ನ ಕಣ್ಣಿಗೆ ಅದು ಆಮೆ. ನಮ್ಮ ಬೀದಿಗೆ ಹಾಲು ಹಾಕುವವರಿಗೆ ಒಮ್ಮೆ ತೋರಿಸಿದೆ, ನಲ್ಲಿ ಅಂದರು. ಹಾಲಿನವರಿಗೆ ನಲ್ಲಿ ಕಂಡಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಅಕ್ಕನಿಗೆ ಮಾತ್ರ ಅದು ಗಿಂಡಿಯಾಗಿ ಕಂಡಿತು. ನನ್ನ ಪಾಪದ ಕಥೆ ಶುರುವಾಗುವುದು ಅಲ್ಲಿಂದ.

ಕೆಸರೆಯಲ್ಲಿ ನಮ್ಮಕ್ಕ ಮಂಜುಳಾಳದು ಪಾತ್ರೆ ಬಾಡಿಗೆ ಕಸುಬು. ಮದುವೆ, ನಾಮಕರಣ, ತಿಥಿ, ಯಾವುದಾದರೂ ಸರಿ, ಕೊಳಗ, ಬಾಣಲೆ, ಸೌಟು, ಗಿಂಡಿ ಎಲ್ಲ ನಮ್ಮಲ್ಲಿಂದ ಹೋಗಬೇಕು. ಗಾಡಿ ಅಕ್ಕನದು, ಓಡಿಸುವವನು ನಾನು. ನನಗಿಂತ ಹತ್ತು ವರ್ಷ ದೊಡ್ಡವಳು. ಚಿಕ್ಕಂದಿನಲ್ಲಿ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಸ್ಕೂಲಿಗೆ ಬಿಟ್ಟು ಬರುತ್ತಿದ್ದಳು. ನಾನು ಅವಳಿಗಿಂತ ಮೊದಲೇ ಮನೆಗೆ ಬಂದುಬಿಡುತ್ತಿದ್ದೆ. ಹೀಗೆ ಏಳನೇ ಕ್ಲಾಸಿನವರೆಗೆ ಓದಿದೆ. ಅಷ್ಟರಲ್ಲಿ ಚೆನ್ನಾಗಿ ಕಲಿತದ್ದು ಒಂದೇ, ಕೇಳಿದ ಪ್ರಶ್ನೆಗೆ ತಡವರಿಸದೆ ಉತ್ತರ ಕೊಡುವುದು. ಉತ್ತರ ಸರಿಯಿರಬೇಕು ಅನ್ನುವ ಪಾಠ ಬಹುಶಃ ಎಂಟನೇ ಕ್ಲಾಸಿನಲ್ಲಿತ್ತು.

ಆಷಾಢದಲ್ಲಿ ಮದುವೆಗಳಿಲ್ಲ, ಗಾಡಿಗೆ ಬಿಡುವು. ಒಂದು ಶುಕ್ರವಾರ ಅಕ್ಕ ಬೆಟ್ಟ ಹತ್ತಲು ಹೊರಟವಳು, "ಸಿದ್ದ, ಇವತ್ತು ಗಾಡಿ ಗ್ಯಾರೇಜಿಗೆ ಬುಡು, ಪೂರ್ತಿ ನೋಡಲಿ" ಅಂದಳು. ಹೂಂ ಅಂದೆ. ಗಾಡಿ ತೆಗೆದೆ. ದಾರಿಯಲ್ಲೊಂದು ಹೊಂಗೆ ಮರ ಸಿಕ್ಕಿತು. ಹೊಂಗೆ ನೆರಳು ಎಂಥದು ಅಂತ ನಿಮಗೆ ಗೊತ್ತಲ್ಲ. ಸಂಜೆ ಎದ್ದಾಗ, ಬರಿಗೈಯಲ್ಲಿ ಹೋಗಬಾರದು ಅಂತ ಡೀಸೆಲ್ ಟ್ಯಾಂಕಿನ ಕೆಳಗಿನ ಜಿಡ್ಡನ್ನು ಎರಡೂ ಕೈಗೆ ಸವರಿಕೊಂಡು ಮನೆಗೆ ಹೋದೆ. ಸಾವಿರ ಮೆಟ್ಟಿಲು ಹತ್ತಿ ಇಳಿದು ಬಂದ ಅಕ್ಕ ನನ್ನ ಕೈ ನೋಡಿ, "ಪಾಪ, ನೀನೂ ಕೈ ಹಾಕಿದ್ಯಾ?" ಅಂತ ಬಿಸಿನೀರು ಕಾಯಿಸಿ ಕೊಟ್ಟಳು. ಆ ನೀರು ಇನ್ನೂ ಮೈಮೇಲೆ ಚುರುಗುಟ್ಟುತ್ತದೆ.

ಶ್ರಾವಣ ಬಂತು, ದೀಪ ಹತ್ತಿತು. ಗುಟ್ಟಾಗಿ ಮೆಕ್ಯಾನಿಕ್ ಅಕ್ರಮ್ ಭಾಯ್ ಹತ್ತಿರ ಹೋದೆ. ಅವರು ಸ್ಟೀರಿಂಗ್ ಕೆಳಗಿನ ಗೂಡಿಗೆ ಒಂದು ಯಂತ್ರ ಚುಚ್ಚಿದರು. ಅದರಲ್ಲಿ ಒಂದು ನಂಬರು ಬಂತು: ಪಿ, ಸೊನ್ನೆ, ನಾಲ್ಕು, ಸೊನ್ನೆ, ಒಂದು. ನನಗೆ ಪರೀಕ್ಷೆಯ ರಿಜಿಸ್ಟರ್ ನಂಬರು ನೋಡಿದಂತಾಯಿತು.

ಅಕ್ರಮ್ ಭಾಯ್ ಈ ವಿದ್ಯೆಯಲ್ಲಿ ಪಂಡಿತರು. ಪಿ ಅಂದರೆ ಎಂಜಿನ್ ಕಡೆಯ ದೂರು, ಬಿ ಅಂದರೆ ಬಾಡಿಯದು, ಸಿ ಅಂದರೆ ಚಕ್ರ ಬ್ರೇಕಿನದು. ನಮ್ಮದು, ಹೊಗೆಯನ್ನು ತಿರುಗಿಸಿ ಎಂಜಿನ್ನಿಗೇ ಕಳಿಸುವ ಒಂದು ವಾಲ್ವಿನ ಕಡೆಯದಂತೆ. ಅಲ್ಲಿ ಹೊಗೆ ಸರಿಯಾಗಿ ಓಡುತ್ತಿಲ್ಲ. "ಆದ್ರೆ ಕೋಡು ಬೀದಿ ಹೇಳುತ್ತೆ ಅಷ್ಟೇ ಕಣಪ್ಪ, ಮನೆ ನಾವೇ ಹುಡುಕ್ಬೇಕು" ಅಂದರು. "ವಾಲ್ವೇ ಕೆಟ್ಟಿರಬೋದು, ವೈರು ಹೋಗಿರಬೋದು, ಮಸಿ ಕಟ್ಟಿರಬೋದು. ಈ ವಯಸ್ಸಿನ ಗಾಡೀಗೆ ಮಸೀನೇ ಇರ್ಬೇಕು. ಒಂದಿನ ಬುಡು, ಬಿಚ್ಚಿ ನೋಡಾಣ."

ಒಂದು ದಿನ ಬಿಡುವುದು ಹೇಗೆ? ಆಷಾಢದಲ್ಲೇ ಬಿಟ್ಟು ಬಂದಿದ್ದೇನಲ್ಲ! ಒಂದು ಸುಳ್ಳಿನ ಕಾವಲಿಗೆ ಇನ್ನೊಂದನ್ನು ಇಟ್ಟರಾಯಿತು ಅಂದುಕೊಂಡು ಮನೆ ಕಡೆ ತಿರುಗಿದೆ.

ಮಾರನೆಯ ದಿನ ಪಾತ್ರೆ ತುಂಬಿಕೊಂಡು ಹೊರಟಾಗ ಅಕ್ಕ ಪಕ್ಕದಲ್ಲಿ ಕೂತಳು. ದೀಪ ಕಂಡಿತು.

"ಏನೋ ಇದು, ಗಿಂಡಿ?"

"ಪಾತ್ರೆ ಲೋಡ್ ಆದ್ರೆ ಹತ್ತುತ್ತೆ ಅಕ್ಕ. ಸರ್ವೀಸಿಗೆ ಬುಟ್ಟಿದ್ನಲ್ಲ, ಆಗ ಸರಿಯಾಗೈತೆ."

ನಂಬುವುದಿಲ್ಲ ಅಂತಲೇ ಅಂದುಕೊಂಡಿದ್ದೆ. ಅಕ್ಕನ ಮುಖ ಅರಳಿತು. "ನೋಡು ಮತ್ತೆ! ಕಂಪನಿಯೋರ್ಗೂ ನಮ್ ಕಸುಬು ಗೊತ್ತೈತೆ!"

ಅಂದಿನಿಂದ ನನ್ನ ಬದುಕು ಬಿಗಿಯಾಯಿತು. ಗಾಡಿ ಖಾಲಿಯಿದ್ದಾಗ ದೀಪ ಆರಿರಬೇಕಲ್ಲ. ಹೆಬ್ಬೆರಳಿನಷ್ಟು ದಪ್ಪದ ಒಂದು ಯಂತ್ರ ತಂದೆ, ಗೂಡಿಗೆ ಚುಚ್ಚಿದರೆ ಫೋನಿನಲ್ಲಿ ಕೋಡು ಬರುತ್ತದೆ, ಅಲ್ಲೇ ಒತ್ತಿದರೆ ಅಳಿಸಿಹೋಗುತ್ತದೆ, ದೀಪ ಆರುತ್ತದೆ. ರೋಗ ಅಲ್ಲೇ ಇರುತ್ತದೆ, ಎರಡು ದಿನ ಓಡಿಸಿದರೆ ದೀಪ ಮತ್ತೆ ಹಾಜರು. ಸ್ಕೂಲಿನಲ್ಲಿ ಸ್ಲೇಟಿನ ತಪ್ಪು ಲೆಕ್ಕವನ್ನು ಮೇಷ್ಟ್ರು ಬರುವುದರೊಳಗೆ ಎಂಜಲಿನಿಂದ ಒರೆಸುತ್ತಿದ್ದೆ. ವಿದ್ಯೆ ಅದೇ, ಎಂಜಲು ಮಾತ್ರ ಬೇಕಾಗಿಲ್ಲ.

ಒಂದು ಸಂಜೆ ಕೈ ತಪ್ಪಿತು. ಪಾತ್ರೆಯೆಲ್ಲ ಇಳಿಸಿದ್ದೇವೆ, ದೀಪ ಹತ್ತಿಯೇ ಇದೆ. "ಸಿದ್ದ, ಒಳಗೆ ಇನ್ನೂ ಏನೋ ಐತೆ ಕಣೋ" ಅಂತ ಅಕ್ಕ ಹುಡುಕಲು ಹತ್ತಿದಳು. ಏನಿರುತ್ತದೆ ಮಣ್ಣು ಅಂದುಕೊಂಡೆ. ಸೀಟಿನ ಹಿಂದೆ ಕೈ ಹಾಕಿದವಳು ಒಂದು ಸೌಟನ್ನು ಎಳೆದಳು! ಕಳೆದ ವರ್ಷ ಹೋಗಿಯೇ ಹೋಯಿತು ಅಂದುಕೊಂಡಿದ್ದ ಸೌಟು. ಅವಳು ಅದನ್ನು ಒಳಗಿಟ್ಟು ಬರುವುದರೊಳಗೆ ನಾನು ಫೋನು ಒತ್ತಿದೆ, ದೀಪ ಆರಿತು. ಅಕ್ಕ ಡ್ಯಾಶ್‌ಬೋರ್ಡಿಗೆ ಕೈ ಮುಗಿದಳು. ಮಾರನೆಯ ದಿನದಿಂದ ಅಲ್ಲೊಂದು ಹೂವು.

ನಕ್ಕುಬಿಟ್ಟಿರಾ? ನಾನೂ ನಕ್ಕಿದ್ದೆ. ಸರಸ್ವತಿಪುರಂನ ಛತ್ರದಲ್ಲಿ ನಗು ನಿಂತಿತು.

ಅಲ್ಲಿ ಮದುವೆಯ ಅಡುಗೆ ಪುಟ್ಟಸ್ವಾಮಣ್ಣನದು. ಅಕ್ಕ ಈ ಕಸುಬಿಗೆ ಇಳಿದಾಗ, ಹೊಸಬಳು ಅನ್ನದೆ ಮೊದಲ ಮದುವೆಗೆ ಪಾತ್ರೆ ಹೇಳಿದವರು ಅವರೇ. ಊಟ ಮುಗಿದು ಹಿತ್ತಲಿನಲ್ಲಿ ಪಾತ್ರೆ ತುಂಬಿದೆವು. ಅಕ್ಕ ಒಂದೊಂದನ್ನೂ ಮುಟ್ಟಿ ಎಣಿಸಿದಳು, ಎಲ್ಲ ಸರಿಯಿತ್ತು. ಕೀ ತಿರುಗಿಸಿ ಎಂಜಿನ್ ಚಾಲೂ ಮಾಡಿದೆ. ದೀಪ ಇಲ್ಲ. ಬೆಳಿಗ್ಗೆ ಖಾಲಿ ಗಾಡಿಯಲ್ಲಿ ಅಕ್ಕ ಬರುತ್ತಾಳೆ ಅಂತ ಅಳಿಸಿದ್ದೆ. ಆರಿಸುವ ವಿದ್ಯೆ ನನ್ನ ಜೇಬಿನಲ್ಲಿತ್ತು, ಹತ್ತಿಸುವ ವಿದ್ಯೆ ಯಾರ ಜೇಬಿನಲ್ಲೂ ಇಲ್ಲ.

"ಎಣಿಕೆ ಸರಿಯೈತೆ, ದೀಪ ಇಲ್ಲ" ಅಂತ ಅಕ್ಕ ಗಾಡಿ ಇಳಿದಳು. ಯೋಚಿಸಿದಳು. ಅವಳು ಯೋಚಿಸುವುದು ನೋಡುತ್ತಾ ನನಗೆ ಬೆವರಿತು. "ಅಂದ್ರೆ ಇದ್ರಲ್ಲಿ ನಮ್ದಲ್ದೇ ಇರೋ ಪಾತ್ರೆ ಐತೆ. ಯಾರೋ ಬದಲಾಯಿಸವ್ರೆ." ಕಣ್ಣು ಪುಟ್ಟಸ್ವಾಮಣ್ಣನ ಕಡೆ ಹೋಯಿತು. "ಅಣ್ಣ, ನಿಮ್ ಗಾಡೀಲಿರೋ ಬಾಣಲೆ ಒಸಿ ಇಳಿಸಿ, ನೋಡ್ಬೇಕು."

ಉಳಿದ ಸೊಪ್ಪು ಕಟ್ಟುತ್ತಿದ್ದ ಹೆಂಗಸರು ಕೈ ನಿಲ್ಲಿಸಿದರು. ಪುಟ್ಟಸ್ವಾಮಣ್ಣ ಹೆಗಲ ಮೇಲಿನ ಟವೆಲ್ ತೆಗೆದು ಮಡಚಿದರು. ಜಗಳ ಆಡಿದ್ದರೆ ಚೆನ್ನಾಗಿತ್ತು.

"ನನ್ನೇ ಕಳ್ಳ ಅಂತೀಯೇನವ್ವ ಮಂಜವ್ವ?"

"ನಾನನ್ನಲ್ಲಣ್ಣ, ದೀಪ ಅಂತೈತೆ."

"ಆಯ್ತು. ನಾನೇ ಇಳಿಸ್ತೀನಿ. ಇವತ್ತಿಗೆ ನಂದು ನಿಂದು ಮುಗೀತು" ಅಂತ ಅವರು ತಮ್ಮ ಬಾಣಲೆಗೆ ಕೈ ಹಾಕಿದರು.

ನಾನು ಎಷ್ಟೋ ಸಲ ತಪ್ಪೊಪ್ಪಿಕೊಳ್ಳಲು ಮಾತು ಜೋಡಿಸಿದ್ದೆ. ಆ ಗಳಿಗೆಯಲ್ಲಿ ಬಂದದ್ದು ಮಾತ್ರ, "ಅಕ್ಕ, ಅದು ಗಿಂಡಿ ಅಲ್ಲ!"

ಅವಳು ತಿರುಗಿದಳು. "ಮತ್ತೆ?"

"ಎಂಜಿನ್ನು. ಕೆಟ್ಟಿದ್ರೆ ಹತ್ತುತ್ತೆ. ನಾನೇ ಆರಿಸ್ತಿದ್ದೆ. ಆಷಾಢದಾಗೆ ಗ್ಯಾರೇಜಿಗೇ ಓಗಿಲ್ಲ ಕಣಕ್ಕ, ಮರದ್ ಕೆಳಗೆ ಮಲ್ಗಿದ್ದೆ."

ಅಕ್ಕ ನನ್ನನ್ನು ಬೈಯಲಿಲ್ಲ. ನೇರ ಹೋಗಿ ಪುಟ್ಟಸ್ವಾಮಣ್ಣನ ಕೈಯಿಂದ ಬಾಣಲೆ ಬಿಡಿಸಿ, ತಾನೇ ಅವರ ಗಾಡಿಗೆ ವಾಪಸ್ ಇಟ್ಟಳು. "ತಪ್ಪಾಯ್ತಣ್ಣ" ಅಂದಳು. ನಾನು ಅವರ ಕಾಲಿಗೆ ಬಗ್ಗಿದೆ. ಅವರು ನನ್ನ ತಲೆಯ ಮೇಲೆ ಒಂದು ಬಿಟ್ಟು, "ನಿಮ್ಮಕ್ಕನ್ನ ದೇವ್ರು ಅಂದ್ಕೊಂಡಿದ್ಯೇನ್ಲಾ, ಏನು ಹೇಳಿದ್ರೂ ಕಲ್ಲಿನಂಗೆ ಕೇಳ್ಕೊಂಡಿರಕ್ಕೆ?" ಅಂದರು. ಆಮೇಲೆ ಅಕ್ಕನಿಗೆ, "ಮುಂದಿನ ವಾರ ನಾಮಕರಣ ಐತೆ, ಎರಡು ಕೊಳಗ ಕಳಿಸು. ದೀಪ ಬೇಡ" ಅಂದರು.

ಮಾರನೆಯ ದಿನ ಗ್ಯಾರೇಜಿನ ದಾರಿಯಲ್ಲೇ ದೀಪ ಮತ್ತೆ ಹತ್ತಿತು. ಅಕ್ಕನೇ ಜೊತೆಗೆ ಬಂದು ಸ್ಟೂಲ್ ಹಾಕಿಕೊಂಡು ಕೂತಳು. ಅಕ್ರಮ್ ಭಾಯ್ ವಾಲ್ವು ಬಿಚ್ಚಿದರೆ ಒಳಗೆಲ್ಲ ಗಟ್ಟಿ ಮಸಿ. ಅಕ್ಕ ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ಇಪ್ಪತ್ತು ವರ್ಷದಿಂದ ಬಾಣಲೆಯ ತಳ ಉಜ್ಜಿದವಳು. ಮಸಿಯ ವಿಷಯದಲ್ಲಿ ಅವಳ ಮುಂದೆ ಅಕ್ರಮ್ ಭಾಯ್ ಇನ್ನೂ ಒಂದನೇ ಕ್ಲಾಸು.

"ಇಷ್ಟೇನಾ? ಇದಕ್ಕಾ ನೀನು ಒಬ್ಬ ದೊಡ್ಡ ಮನುಷ್ಯನ್ನ ಕಳ್ಳ ಅನ್ನಿಸ್ಬುಟ್ಟೆ?" ಅಂತ ಅದನ್ನು ನನ್ನ ಮಡಿಲಿಗೆ ಹಾಕಿದಳು. "ಉಜ್ಜು."

ಅಕ್ರಮ್ ಭಾಯ್ ಕೊಟ್ಟ ಎಣ್ಣೆ, ಬ್ರಷ್ಷು ಹಿಡಿದು ಮಧ್ಯಾಹ್ನದವರೆಗೆ ಉಜ್ಜಿದೆ. ವಾಲ್ವು ಹಾಕಿ ಚಾಲೂ ಮಾಡಿದರೆ ದೀಪ ಇನ್ನೂ ಹತ್ತಿಯೇ ಇತ್ತು. ಕೋಡು ಗಾಡಿಯ ನೆನಪಿನಲ್ಲಿ ಕೂತಿರುತ್ತದಂತೆ. ಅಳಿಸಲು ನಾನು ಫೋನು ತೆಗೆದೆ.

"ಮುಟ್ಟಬೇಡ" ಅಂದಳು ಅಕ್ಕ. "ತಾನಾಗೇ ಆರಲ್ವಾ ಭಾಯ್?"

"ಆರುತ್ತೆ ಕಣಮ್ಮ. ನಿಜವಾಗ್ಲೂ ಸರಿ ಹೋಗಿದ್ರೆ, ಮೂರ್ನಾಲ್ಕು ದಿನ ಓಡಿಸಿದ್ಮೇಲೆ ಅದಕ್ಕೇ ನಂಬಿಕೆ ಬರುತ್ತೆ."

ನಾಲ್ಕನೆಯ ದಿನ, ದೇವರಾಜ ಮೊಹಲ್ಲಾದ ಸಂದಣಿಯಲ್ಲಿ ಕ್ಲಚ್ ತುಳಿಯುತ್ತಾ ಹೋಗುತ್ತಿದ್ದಾಗ ದೀಪ ಆರಿಹೋದದ್ದು ನೋಡಿದೆ. ಯಾರೂ ಒತ್ತಿರಲಿಲ್ಲ. "ಅಕ್ಕ, ಆರಿತು!" ಅಂತ ಕೂಗಿದೆ. ಅವಳು ತಕ್ಷಣ ಒಪ್ಪಲಿಲ್ಲ. ಸೀಟಿನಿಂದ ಬಗ್ಗಿ, ನನ್ನ ಎರಡೂ ಕೈ ಸ್ಟೀರಿಂಗ್ ಮೇಲೆಯೇ ಇವೆಯೇ ಅಂತ ಮೊದಲು ನೋಡಿದಳು, ಆಮೇಲೆ ದೀಪ ನೋಡಿದಳು.

ಈಗಲೂ ಹಾಗೆಯೇ. ಡೀಸೆಲ್ ಹಾಕಿಸಿದೆಯಾ ಅನ್ನುತ್ತಾಳೆ, ಹೂಂ ಅಂದರೆ ಬಗ್ಗಿ ಮುಳ್ಳು ನೋಡುತ್ತಾಳೆ. ನನಗೆ ಬೇಜಾರಿಲ್ಲ. ಯಂತ್ರಕ್ಕೆ ನಾಲ್ಕು ದಿನ ಸಾಕಾಯಿತು, ಅಕ್ಕನಿಗೆ ಎಷ್ಟು ದಿನವೋ ಅಕ್ರಮ್ ಭಾಯ್‌ಗೂ ಗೊತ್ತಿಲ್ಲ. ಓಡಿಸುತ್ತಾ ಇದ್ದೇನೆ.